ಶಹಾಪುರಕ್ಕೆ ಹೋಗಲು ಸುರಪುರದ ಬಸ್ಸು

ಮಾಲಿನವರು ಕಟ್ಟಿಸಿದ ಬಸ್ ಶೆಡ್ಡಿನಲ್ಲಿ ಹೆಂಗಸರು ನಿಲ್ಲುವುದಿಲ್ಲ ಎಂಬುದು ನನಗೆ ಮರಿ ಕಾಯುವಾಗಲೇ ಗೊತ್ತಾಗಿತ್ತು.

ಆ ಬೇಸಿಗೆಯಲ್ಲಿ ನಮ್ಮ ಹಿಂಡು ಸುಲ್ತಾನಸಾಬರ ಹೊಲದಲ್ಲಿತ್ತು. ಸುರಪುರದಿಂದ ಶಹಾಪುರಕ್ಕೆ ಹೋಗುವ ರಸ್ತೆಯಲ್ಲಿ, ಊರು ಮುಗಿದ ಮೇಲೆ, ಬಲಗಡೆಗೆ ಅವರ ಹೊಲ. ಹತ್ತಿ ಬಿಡಿಸಿ ಮುಗಿದ ಮೇಲೆ ಹೊಲಕ್ಕೆ ಗೊಬ್ಬರ ಬೀಳಲಿ ಎಂದು ಪ್ರತಿ ವರ್ಷ ನಮ್ಮ ಕುರಿಗಳನ್ನು ಕರೆಸಿ ಅಲ್ಲಿ ನಿಲ್ಲಿಸಿಕೊಳ್ಳುತ್ತಾರೆ. ಬೆಳಗಾದರೆ ಅಪ್ಪ ಬೀರಣ್ಣ ಮತ್ತು ಅಣ್ಣ ಹಣಮೇಶ ದೊಡ್ಡ ಕುರಿಗಳನ್ನು ಬೋನಾಳದ ಕಡೆ ಮೇಯಿಸಲು ಹೊಡೆದುಕೊಂಡು ಹೋಗುತ್ತಿದ್ದರು. ಮರಿಗಳು ಬಲೆಯ ಬೇಲಿಯೊಳಗೆ, ನಾನು ಬೇವಿನ ಮರದ ಕೆಳಗೆ. ಏಳನೇ ತರಗತಿಗೆ ಶಾಲೆ ಬಿಟ್ಟ ಮೇಲೆ ನನ್ನ ಕೆಲಸ ಅದೇ. ಮರಿ ಕಾಯುವವರು ಮಾತಾಡಬೇಕಾಗಿಲ್ಲ, ನೋಡುತ್ತಿರಬೇಕು. ನನಗೆ ಅದು ಒಗ್ಗುವ ಕೆಲಸ.

ಹೊಲದ ಎದುರಿಗೆ, ರಸ್ತೆಯ ಆಚೆ, ಮಾಲು. ಬೋರ್ಡಿನ ಮೇಲೆ ಮಹಾಸಿರಿ ಮಾರ್ಟ್ ಎಂದಿದ್ದರೂ ಎಲ್ಲರೂ ಮಾಲು ಎಂದೇ ಅನ್ನುತ್ತಾರೆ. ಅಕ್ಕಿಯಿಂದ ಹಿಡಿದು ಕುಕ್ಕರಿನ ತನಕ, ಮಕ್ಕಳ ಅಂಗಿಯಿಂದ ಹಿಡಿದು ಹಾಸಿಗೆಯ ತನಕ ಒಂದೇ ಚಾವಣಿಯ ಕೆಳಗೆ ಸಿಗುತ್ತದೆ. ಒಳಗೆ ತಣ್ಣಗೆ ಗಾಳಿ ಬೇರೆ. ಅದು ಬಂದ ಮೇಲೆ ದೇವಾಪುರದ, ಹುಣಸಗಿಯ ಟಂಟಂ ಆಟೋಗಳು ಸುರಪುರದ ಬಜಾರಿನಲ್ಲಿ ನಿಲ್ಲುವುದನ್ನು ಬಿಟ್ಟು ನೇರವಾಗಿ ಮಾಲಿನ ಗೇಟಿಗೆ ಬರತೊಡಗಿದವು. ಶಹಾಪುರದ ಕಡೆಯ ಹಳ್ಳಿಗಳಿಂದಲೂ ಮಂದಿ ಬಸ್ ಹಿಡಿದು ಬರುತ್ತಿದ್ದರು. ಮೊದಲು ಈ ರಸ್ತೆಯಲ್ಲಿ ಮಧ್ಯಾಹ್ನ ನಾಯಿ ಮಲಗುತ್ತಿತ್ತು. ಈಗ ಕುರಿ ದಾಟಿಸಬೇಕಾದರೆ ಅಪ್ಪ ಕೋಲೆತ್ತಿ ರಸ್ತೆಯ ನಡುವೆ ನಿಲ್ಲಬೇಕಾಗಿತ್ತು.

ಇದರಿಂದ ಪೆಟ್ಟು ತಿಂದವಳು ನಮ್ಮವ್ವ ಭೀಮವ್ವ. ಬಜಾರಿನ ಹಳೇ ಟಂಟಂ ಸ್ಟ್ಯಾಂಡಿನ ಬಾಯಿಗೆ ಅವಳದೊಂದು ಡಬ್ಬಿ ಅಂಗಡಿ ಇತ್ತು. ನೀಲಿ ಬಣ್ಣದ ತಗಡಿನ ಡಬ್ಬಿ, ಮುಂದೊಂದು ಒಲೆ. ಅವಳ ಚುರುಮುರಿ ಸುಸಲಾ ಮತ್ತು ಮಿರ್ಚಿ ಭಜಿಗೆಂದು ಟಂಟಂ ಇಳಿದವರು ಮೊದಲು ಅಲ್ಲಿಗೇ ಬರುತ್ತಿದ್ದರು. ಈಗ ಇಳಿಯುವವರೇ ಇಲ್ಲ. ಸಂಜೆ ಅವಳು ತಣ್ಣಗಾದ ಮಿರ್ಚಿ ಕಟ್ಟಿಕೊಂಡು ಹೊಲಕ್ಕೆ ಬರುತ್ತಿದ್ದಳು, ನಾವು ರೊಟ್ಟಿಗೆ ಹಚ್ಚಿಕೊಂಡು ತಿನ್ನುತ್ತಿದ್ದೆವು.

“ಮಂದಿ ಎಲ್ಲಿ ಐತೋ ಡಬ್ಬಿ ಅಲ್ಲಿ ಇರಬೇಕು” ಎಂದ ಅಪ್ಪ ಒಂದು ಸಂಜೆ. “ಮಾಲಿನ ಶಿವರಾಜ ಸಾಹೇಬ್ರನ್ನ ಕೇಳೀನಿ. ಶೆಡ್ಡಿನ ಬಾಜೂಕ ಇಟ್ಕೋರಿ ಅಂದಾರ.”

ಶಿವರಾಜ ಮಾಲಿನ ಮ್ಯಾನೇಜರು. ಕಲಬುರಗಿ ಕಡೆಯವರು, ಒಳ್ಳೆಯ ಮನುಷ್ಯ. ಗೇಟಿನ ಪಕ್ಕ ಮಂದಿಗೆ ನೆರಳಿರಲಿ ಎಂದು ಆ ಶೆಡ್ಡು ಕಟ್ಟಿಸಿದವರೂ ಅವರೇ. ಕಲ್ಲಿನ ಬೆಂಚು, ಮೇಲೆ ತಗಡು, ಕುಡಿಯಲು ನೀರಿನ ಟಾಕಿ. ಸುರಪುರದಿಂದ ಶಹಾಪುರಕ್ಕೆ ಹೋಗುವ ಬಸ್ಸು ಆ ಬದಿಗೇ ಬರುತ್ತದೆ. ಎಲ್ಲ ಸರಿಯಾಗಿತ್ತು.

ಆದರೆ ಅಲ್ಲಿ ನಿಲ್ಲುತ್ತಿದ್ದವರು ಗಂಡಸರು ಮಾತ್ರ. ಹೆಂಗಸರು ಚೀಲ ಹೊತ್ತುಕೊಂಡು, ಮಕ್ಕಳ ಕೈ ಹಿಡಿದುಕೊಂಡು, ರಸ್ತೆ ದಾಟಿ ನಮ್ಮ ಹೊಲದ ಬದುವಿಗೆ ಬಂದು ಬಿಸಿಲಲ್ಲಿ ನಿಲ್ಲುತ್ತಿದ್ದರು. ಸೆರಗು ತಲೆಗೆ ಹೊದ್ದುಕೊಂಡು ಶಹಾಪುರದ ದಿಕ್ಕಿಗೆ ನೋಡುತ್ತಿದ್ದರು. ಶಹಾಪುರದಿಂದ ಬಸ್ಸು ಬಂದರೆ ಕೈ ಮಾಡಿ ಹತ್ತಿ, ಸುರಪುರದ ಕಡೆ ಹೋಗಿಬಿಡುತ್ತಿದ್ದರು. ಮೊದಮೊದಲು ಅವರೆಲ್ಲ ಸುರಪುರದವರೇ ಎಂದುಕೊಂಡಿದ್ದೆ. ಆದರೆ ಸ್ವಲ್ಪ ಹೊತ್ತಿನಲ್ಲಿ ಅದೇ ಬಸ್ಸು ತಿರುಗಿ ಶಹಾಪುರಕ್ಕೆ ಹೊರಟಾಗ, ಅದೇ ಮುಖಗಳು ಕಿಟಕಿಯಲ್ಲಿ ಕೂತಿರುತ್ತಿದ್ದವು. ಶೆಡ್ಡಿನಲ್ಲಿದ್ದ ಗಂಡಸರು ಕೈ ಮಾಡುತ್ತಿದ್ದರು. ತುಂಬಿದ ಬಸ್ಸು ನಿಲ್ಲದೆ ಹೋಗುತ್ತಿತ್ತು.

ಆಗ ನನಗೆ ತಿಳಿಯಿತು. ಸುರಪುರದ ಸ್ಟ್ಯಾಂಡಿನಲ್ಲೇ ಬಸ್ಸು ತುಂಬಿಬಿಡುತ್ತದೆ. ಅದಕ್ಕೇ ಇವರು ಹಿಂದಕ್ಕೆ ಹೋಗಿ, ಬಸ್ಸು ಖಾಲಿಯಾಗುವಾಗಲೇ ಸೀಟು ಹಿಡಿದು, ಕೂತುಕೊಂಡೇ ಮುಂದಕ್ಕೆ ಹೋಗುತ್ತಾರೆ. ಹೆಂಗಸರಿಗೆ ಬಸ್ಸು ಫ್ರೀ. ಹಿಂದಕ್ಕೆ ಹೋದರೂ ಏನೂ ಕಳಕೊಳ್ಳುವುದಿಲ್ಲ. ಗಂಡಸರು ಎರಡು ಸಲ ಟಿಕೆಟ್ ತೆಗೆಯಬೇಕು, ಹಾಗಾಗಿ ನೆರಳಲ್ಲಿ ನಿಂತು ಬಸ್ಸಿಗೆ ಬೈಯುತ್ತಾರೆ.

ಇದನ್ನು ಅಪ್ಪನಿಗೆ ಹೇಳಬೇಕಿತ್ತು. ಬಾಯಿಗೆ ಬಂದದ್ದು ಇಷ್ಟೇ: “ಅಪ್ಪ, ಮಂದಿ ಈ ಕಡಿ ನಿಲ್ತಾರ.”

“ಏನಂದಿ?” ಎಂದ ಅಪ್ಪ.

“ಈ ಕಡಿ... ಹೆಂಗಸ್ರು.”

ಹಣಮೇಶ ನಕ್ಕ. “ಜೋರ್ ಮಾತಾಡ ತಂಗಿ, ಇಲ್ಲೇ ಕುಂತ ನನಗೇ ಕೇಳ್ಸವಲ್ದು. ಮರಿ ಕರಿಯುವಾಗ ಮಾತ್ರ ಹಳ್ಳದ ಆ ದಂಡಿಗೂ ಮುಟ್ಟತೈತಿ ನಿನ್ ದನಿ.”

“ಶಹಾಪುರಕ್ಕ ಹೋಗೋರು ಸುರಪುರದ ಬಸ್ ಯಾಕ ಹತ್ತತಾರ?” ಎಂದ ಅಪ್ಪ. “ತಲಿ ಕೆಟ್ಟೈತೇನು ಅವರಿಗೆ?”

ಆದರೆ ಅವ್ವ ಒಲೆಗೆ ಕಡ್ಡಿ ಒಟ್ಟುವುದನ್ನು ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದಳು. ಪಾತ್ರೆ ಪಗಡೆ ಹೊತ್ತು ಯಾವಾಗಲೂ ಟಂಟಂನಲ್ಲೇ ತಿರುಗುವ ಅವಳಿಗೂ ಈ ಬಸ್ಸಿನ ಲೆಕ್ಕ ಗೊತ್ತಿರಲಿಲ್ಲ.

“ನಾಳಿ ತೋರಸ್ತಿಯೇನ?” ಎಂದಳು. ನಾನು ತಲೆಯಾಡಿಸಿದೆ.

ಮರುದಿನ ಸುಲ್ತಾನಸಾಬರಿಗೆ ಮರಿ ನೋಡಿಕೊಳ್ಳಲು ಹೇಳಿ, ನಾನೂ ಅವ್ವನೂ ಬದುವಿನ ಮೇಲೆ ಹೆಂಗಸರ ನಡುವೆ ನಿಂತೆವು. ನಮ್ಮ ಪಕ್ಕ ಹತ್ತಿಗೂಡೂರಿನ ಪರಿಮಳಾ ಎಂಬಾಕೆ, ಕಂಕುಳಲ್ಲಿ ಕೂಸು, ಕಾಲ ಬಳಿ ಮಾಲಿನ ಎರಡು ದೊಡ್ಡ ಚೀಲ.

“ನೀವು ಯಾವ ಊರಿಗ್ರಿ ಯಕ್ಕಾ?” ಎಂದು ಕೇಳಿದಳು ಅವ್ವ.

“ನಮ್ಮೂರಿಗೇ ಹೊಂಟೀನಿ, ಹತ್ತಿಗೂಡೂರಿಗೆ.”

“ಮತ್ತ ಅದು ಆ ಕಡಿ ಅಲ್ಲೇನ್ರಿ?”

“ಆ ಕಡಿನೇ. ಆದ್ರ ಆ ಕಡಿ ನಿಂತ್ರ ನನ್ ಮಗನ ಲಗ್ನಕ್ಕ ಮುಟ್ಟತೀನಿ” ಎಂದಳು ಪರಿಮಳಾ. ಮಗ ಕಂಕುಳಲ್ಲಿ ಬೆರಳು ಚೀಪುತ್ತಿದ್ದ. ಸುತ್ತಲಿನವರೆಲ್ಲ ನಕ್ಕರು.

ಬಸ್ಸು ಬಂತು, ಹತ್ತಿದೆವು. ಕಂಡಕ್ಟರು ಹಣೆ ಚಚ್ಚಿಕೊಂಡ. “ಬಂದ್ರಿ ನಮ್ಮ ಉಲ್ಟಾ ಮಂದಿ! ಮುಂದಕ್ಕ ಹೋಗಾಕ ಹಿಂದಕ್ಕ ಬರೋರು. ನಿಮಗ ಟಿಕೆಟ್ ಹರಿದು ಹರಿದು ನನ್ ಬೆರಳು ಸವದಾವು.”

“ಸವದ್ರ ಸವೀಲಿ ಬಿಡಪ್ಪಾ” ಎಂದಳು ಹಿಂದಿನ ಸೀಟಿನ ಮುದುಕಿ. “ನಿನ್ ಬೆರಳೇನ್ ಲಗ್ನಕ್ಕ ನೋಡಾಕ ಬರ್ತಾರೇನ?”

ಸುರಪುರದ ಸ್ಟ್ಯಾಂಡಿನೊಳಗೆ ಬಸ್ಸು ತಿರುಗುವುದೇ ತಡ, ಹೊರಗಿನಿಂದ ಮಂದಿ ಓಡೋಡಿ ಬಂದು ಕಿಟಕಿಯಲ್ಲಿ ಟವೆಲ್ಲು, ಕರ್ಚೀಫು, ಕೈಚೀಲ ಎಸೆದು ಸೀಟು ಹಿಡಿಯತೊಡಗಿದರು. ಒಂದು ಕೆಂಪು ಟವೆಲ್ಲು ಬಂದು ಅವ್ವನ ಮಡಿಲಲ್ಲೇ ಬಿತ್ತು. “ಇಲ್ಲಿ ಸೀಟ್ ಇಲ್ಲೋ ಯಪ್ಪಾ, ಭೀಮವ್ವ ಕುಂತಾಳ!” ಎಂದು ಅವಳು ಅದನ್ನು ತಿರುಗಿ ಹೊರಗೆಸೆದಳು. ಅವಳಿಗೆ ಖುಷಿಯೋ ಖುಷಿ. ಪರಿಮಳಾಳ ಕೂಸು ಹಸಿದು ಅಳಲು ಶುರು ಮಾಡಿತ್ತು. ಆಕೆ ಮಾಲಿನಲ್ಲಿ ಕೊಂಡ ಬಿಸ್ಕತ್ತಿನ ಪೊಟ್ಟಣ ಹರಿದು ಕೊಟ್ಟಳು. “ಮುಂಜಾನಿ ಮನಿ ಬಿಟ್ಟೀನಿ. ಇಷ್ಟು ದೊಡ್ಡ ಮಾಲು, ಒಂದು ಬಿಸಿ ಮಿರ್ಚಿ ಸಿಗಂಗಿಲ್ಲ ನೋಡ್ರಿ.”

ಅವ್ವ ನನ್ನ ತೊಡೆಯನ್ನು ಜಿಗುಟಿದಳು.

ತಿರುಗಿ ಹೊರಟ ಬಸ್ಸು ಮಾಲಿನ ಹತ್ತಿರ ಬಂದಾಗ ಶೆಡ್ಡಿನಲ್ಲಿ ಅಪ್ಪನೂ ಹಣಮೇಶನೂ ಕಂಡರು. ಡಬ್ಬಿ ಕೂರಿಸಲು ಕಲ್ಲು ಹೊಂದಿಸುತ್ತಿದ್ದರು. ಅವ್ವ ಕಿಟಕಿಯಿಂದ ಕೈ ಹೊರಹಾಕಿ ಬಳೆ ಗಲಗಲ ಎನ್ನಿಸಿದಳು. ಹಣಮೇಶ ಬಾಯಿ ತೆರೆದು ನಿಂತ. ಬಸ್ಸು ನಿಲ್ಲಲಿಲ್ಲ. ನಾವೂ ಇಳಿಯುವುದನ್ನು ಮರೆತೇಬಿಟ್ಟಿದ್ದೆವು. ಕಾಲುವೆಯ ಸೇತುವೆ ದಾಟಿದ ಮೇಲೆ ನೆನಪಾಗಿ, ಕೂಗಿ ಇಳಿದು, ನಗುತ್ತ ನಗುತ್ತ ನಡೆದು ಬಂದೆವು. ಕಂಡದ್ದನ್ನು ಅವ್ವ ಎಷ್ಟು ಹೇಳಿದರೂ ಅಪ್ಪ ಶೆಡ್ಡಿನ ಮಾತು ಬಿಡಲಿಲ್ಲ.

ಡಬ್ಬಿ ತರುವ ದಿನ ಟ್ರ್ಯಾಕ್ಟರಿನ ಹಿಂದೆ ಹಣಮೇಶ ಕೂತಿದ್ದ. ಬಜಾರಿನಲ್ಲಿ ಡಬ್ಬಿ ಎತ್ತಿದ ಕೂಡಲೇ ಮೊಬೈಲ್ ಕವರ್ ಮಾರುವವನೊಬ್ಬ ಬಂದು ಆ ಜಾಗದಲ್ಲಿ ತನ್ನ ಮೇಜು ಹಾಕಿದನಂತೆ. ಹಿಂದಕ್ಕೆ ಹೋಗುವ ದಾರಿ ಇರಲಿಲ್ಲ. ಎಲ್ಲಿಡುತ್ತೇವೋ ಅಲ್ಲಿ ಅವ್ವ ಉಳಿಯಬೇಕು, ಇಲ್ಲದಿದ್ದರೆ ಒಲೆ ಆರಿಸಬೇಕು.

ಟ್ರ್ಯಾಕ್ಟರು ಮಾಲಿನ ಗೇಟಿನತ್ತ ಹೊರಳುವಷ್ಟರಲ್ಲಿ ಅವ್ವ ಮುಂದೆ ಹೋಗಿ ನಿಂತಳು. “ಆ ಕಡಿ ಬ್ಯಾಡ. ಹೊಲದ ಕಡಿ.”

“ಏ, ಶಿವರಾಜ ಸಾಹೇಬ್ರಿಗೆ ಮಾತು ಕೊಟ್ಟೀನಿ” ಎಂದ ಅಪ್ಪ. “ಕಲ್ಲು ಹೊಂದಿಸೀನಿ.”

ಶಿವರಾಜರೂ ಹೊರಗೆ ಬಂದರು. “ಆ ಕಡಿ ಬರೇ ಬಿಸಿಲೈತ್ರಿ ಅಮ್ಮ. ಇಲ್ಲಿ ನೆರಳೈತಿ, ನೀರೈತಿ.”

ಹೊಲದಿಂದ ಸುಲ್ತಾನಸಾಬರು ಕೂಗಿ ಹೇಳಿದರು: “ಬದುವಿನ ಮ್ಯಾಲ ಇಡ್ರಿ ಬೀರಣ್ಣ, ನಂದೇನ್ ಅಭ್ಯಂತರ ಇಲ್ಲ. ನಿಮ್ಮ ಕುರಿ ನನ್ ಹೊಲಾ ಸಾಕ್ಯಾವು, ಇಷ್ಟು ಜಾಗ ಕೊಡಬಾರದೇನ?”

ಹಿಂದೆ ಕಾರುಗಳು ಸಾಲುಗಟ್ಟಿ ಹಾರ್ನ್ ಹೊಡೆಯತೊಡಗಿದವು. ಟ್ರ್ಯಾಕ್ಟರಿನವನು ಎಂಜಿನ್ ಗುರುಗುಟ್ಟಿಸಿ, “ಯಾವ ಕಡಿ ಅಂತ ಲಗೂ ಹೇಳ್ರಿ!” ಎಂದ.

ಅವ್ವ ನನ್ನ ಕಡೆ ತಿರುಗಿದಳು. “ಹೇಳವ್ವ ಸುಕನ್ಯಾ. ನೋಡಿದಾಕಿ ನೀನು.”

ಎಲ್ಲರೂ ನನ್ನನ್ನೇ ನೋಡಿದರು. ನನ್ನ ಕಿವಿ ಬಿಸಿಯಾಯಿತು. ಕೈ ಎತ್ತಿ ಬೇವಿನ ಮರ ತೋರಿಸಿದೆ. ನಾನು ನೋಡಿದ್ದು ನಿಜವಾಗಿತ್ತು.

ಟ್ರ್ಯಾಕ್ಟರು ಹೊರಳಿತು. ಅಪ್ಪ ನನ್ನ ಪಕ್ಕ ಹಾಯುವಾಗ, “ಮಿರ್ಚಿ ಉಳದ್ರ ನೀನೇ ತಿನ್ನಬೇಕು ಮತ್ತ” ಎಂದ.

ಉಳಿದವು.

ಮೊದಲ ದಿನ ಹೆಂಗಸರು ಬಂದರು, ಡಬ್ಬಿಗೆ ಬೆನ್ನು ಹಾಕಿ ನಿಂತರು, ಹೋದರು. ಮರುದಿನವೂ ಅಷ್ಟೇ. ಎಣ್ಣೆಯಲ್ಲಿ ಮಿರ್ಚಿ ಚುರ್ ಎಂದರೆ ಒಬ್ಬಿಬ್ಬರು ತಿರುಗಿ ನೋಡುತ್ತಿದ್ದರು, ಮೂಗು ಅರಳುತ್ತಿತ್ತು, ಮತ್ತೆ ರಸ್ತೆಯ ಕಡೆ ಕತ್ತು ಹೊರಳಿಸುತ್ತಿದ್ದರು. ಮುಂದೆ ಹಾಕಿದ್ದ ಬೆಂಚನ್ನು ಅವ್ವ ಸುಮ್ಮಸುಮ್ಮನೆ ಒರೆಸುತ್ತಿದ್ದಳು. ಅಪ್ಪ ಸಂಜೆ ಬಂದು ಬುಟ್ಟಿಯೊಳಗೆ ಇಣುಕಿ, ಎದುರಿನ ಶೆಡ್ಡಿನ ಪಕ್ಕ ಖಾಲಿ ಬಿದ್ದಿದ್ದ ಕಲ್ಲುಗಳನ್ನು ನೋಡಿ, ಉಸಿರು ಬಿಟ್ಟ. ಹಣಮೇಶ, “ಒಂದು ಕಿವಿಮಾತು ಹೇಳ್ಲೇನ? ಮರಿಗೋಳಿಗೆ ಮಿರ್ಚಿ ರೂಢಿ ಮಾಡ್ಸು” ಎಂದ.

ನಾನು ಮತ್ತೆ ನೋಡಲು ಕೂತೆ. ನೋಡಿದ್ದು ನಿಜವೇ ಆಗಿದ್ದರೆ, ನಾನು ನೋಡದೆ ಬಿಟ್ಟದ್ದು ಏನೋ ಇರಬೇಕು.

ಅದನ್ನು ತೋರಿಸಿದವಳು ಪರಿಮಳಾ. ಅವಳು ಮತ್ತೆ ಬಂದಿದ್ದಳು, ಈ ಸಲ ದೊಡ್ಡ ಮಗಳನ್ನೂ ಕರೆದುಕೊಂಡು. ಹುಡುಗಿ ಒಲೆಯ ಕಡೆ ತಾಯಿಯ ಸೆರಗು ಜಗ್ಗುತ್ತಿದ್ದಳು. “ತಡಿ ಪುಟ್ಟಿ” ಎಂದಳು ಪರಿಮಳಾ, ಕಣ್ಣು ರಸ್ತೆಯಿಂದ ತೆಗೆಯದೆ. “ತಿನ್ನಾಕ ಕುಂತ್ರ ಬಸ್ ಹೊಕ್ಕತಿ. ಕೈ ಮಾಡೋರು ಇರದಿದ್ರ ಆ ಡ್ರೈವರ್ ನಿಲ್ಲಸಂಗಿಲ್ಲ.”

ನಾನು ಅವಳ ಜಾಗದಲ್ಲಿ ನಿಂತು, ಅವಳು ನೋಡುತ್ತಿದ್ದ ಕಡೆ ನೋಡಿದೆ. ರಸ್ತೆ ಸ್ವಲ್ಪ ದೂರದಲ್ಲೇ ಗುಡ್ಡದ ಬಂಡೆಗಳ ಹಿಂದೆ ತಿರುಗಿಬಿಡುತ್ತದೆ. ಬಸ್ಸು ಅಲ್ಲಿಂದ ಒಮ್ಮೆಲೇ ಹೊರಬೀಳುತ್ತದೆ. ಕಂಡ ಕೂಡಲೇ ಕೈ ಮಾಡಬೇಕು. ಹಾಗಿದ್ದಮೇಲೆ ಯಾರು ಕೂತು ತಿಂದಾರು?

ಆದರೆ ಬೇವಿನ ಮರದ ಬುಡದಲ್ಲಿ, ಮರಿಗಳ ಬಲೆಯ ಪಕ್ಕ, ಹೊಲ ಎತ್ತರವಾಗಿದೆ. ಅಲ್ಲಿದ್ದ ಕಲ್ಲುಗುಂಪಿನ ಮೇಲೆ ನಿಂತರೆ ಬಂಡೆಗಳ ನೆತ್ತಿ ದಾಟಿ ಕಾಲುವೆಯ ಸೇತುವೆ ಕಾಣುತ್ತದೆ. ಬೇಸಿಗೆಯೆಲ್ಲ ನಾನು ಅಲ್ಲಿಂದಲೇ ಅಪ್ಪನ ಹಿಂಡು ಬರುವುದನ್ನು ನೋಡುತ್ತಿದ್ದೆ. ಬಸ್ಸು ಸೇತುವೆಯಿಂದ ಇಲ್ಲಿಗೆ ಬರುವಷ್ಟರಲ್ಲಿ ಒಂದು ಮಿರ್ಚಿ ತಿಂದು, ನೀರು ಕುಡಿದು, ಚೀಲ ಎತ್ತಿಕೊಳ್ಳಬಹುದು.

ನಾನು ಕಲ್ಲುಗುಂಪಿನ ಮೇಲೆ ಹತ್ತಿದೆ. ಸೇತುವೆ ಖಾಲಿ ಇತ್ತು.

“ಬಸ್ ಇಲ್ರಿ” ಎಂದೆ.

ಯಾರಿಗೂ ಕೇಳಲಿಲ್ಲ. ಒಂದು ಲಾರಿ ಹೋಯಿತು, ಅದರ ಹಿಂದೆ ಎರಡು ಟಂಟಂ, ಅವುಗಳ ಹಿಂದೆ ಮಾಲಿಗೆ ಹೊರಳುವ ಕಾರು. ಇನ್ನೊಮ್ಮೆ ಹೇಳಿದೆ. ನನಗೇ ಕೇಳಲಿಲ್ಲ. ಕೆಳಗೆ ಅವ್ವ ತಣ್ಣಗಾದ ಮಿರ್ಚಿಗಳನ್ನು ಬುಟ್ಟಿಯ ಅಂಚಿಗೆ ಸರಿಸುತ್ತಿದ್ದಳು.

ನಾನು ಹೆಂಗಸರನ್ನು ನೋಡುವುದನ್ನು ಬಿಟ್ಟೆ. ಹಿಂಡು ಹಳ್ಳದ ಆಚೆ ದಂಡೆಯಲ್ಲಿದೆ ಎಂದುಕೊಂಡೆ. ಎರಡೂ ಕೈಗಳನ್ನು ಬಾಯಿಗೆ ಆನಿಸಿ, ಹೊಟ್ಟೆಯಿಂದ ಎಳೆದು ಕೂಗಿದೆ:

“ಹೋ... ಯ್ಯೋ!”

ಬಲೆಯೊಳಗಿನ ಮರಿಗಳೆಲ್ಲ ಒಟ್ಟಿಗೆ ಎದ್ದು ಬ್ಯಾ ಎಂದವು. ಹೆಂಗಸರೆಲ್ಲ ಒಟ್ಟಿಗೆ ತಿರುಗಿದರು. ಶೆಡ್ಡಿನ ಗಂಡಸರೂ ಎದ್ದು ನಿಂತರು. ಇನ್ನು ನಿಲ್ಲಿಸುವ ಹಾಗಿರಲಿಲ್ಲ.

“ಬಸ್ ಇಲ್ರೀ! ಸೇತುವಿ ಖಾಲಿ ಐತಿ! ನನಗ ಇಲ್ಲಿಂದ ಕಾಣಸ್ತೈತಿ! ಬಂದ್ರ ಹಿಂಗೇ ಕೂಗ್ತೀನಿ, ಕುಂತು ತಿನ್ರೀ!”

ಪರಿಮಳಾ ನಕ್ಕಳು. “ಯವ್ವಾ, ಈ ಹುಡುಗಿಗೆ ಬಾಯಿ ಐತಿ! ಅವತ್ತು ನನ್ನ ಪಕ್ಕಕ್ಕ ಕುಂತಿತ್ತು, ಮೂಕಿ ಅಂತ ತಿಳಿದಿದ್ದೆ.” ಚೀಲಗಳನ್ನು ಬೆಂಚಿನ ಬಳಿ ಇಟ್ಟು ಮಗಳನ್ನು ಕೂರಿಸಿದಳು. “ಬಸ್ ತಪ್ಪಿದ್ರ ನಿಮ್ಮ ಮನಿಗೇ ಬಂದು ಮಲಗತೀನಿ ನೋಡ ತಂಗಿ.”

“ತಪ್ಪಂಗಿಲ್ರಿ” ಎಂದೆ, ಮೇಲಿನಿಂದಲೇ.

ಅವ್ವ ಆಗಲೇ ಹೊಸ ಮಿರ್ಚಿಗಳನ್ನು ಹಿಟ್ಟಿಗೆ ಅದ್ದಿ ಎಣ್ಣೆಗೆ ಬಿಟ್ಟಿದ್ದಳು. ಒಬ್ಬಳು ಕೂತಳು, ಇಬ್ಬರು ಕೂತರು. ಬೆಂಚು ತುಂಬಿ, ಉಳಿದವರು ಬದುವಿನ ಮೇಲೆ ಕಾಲು ಚಾಚಿದರು. ಸುಸಲಾದ ತಟ್ಟೆಗಳು ಕೈಯಿಂದ ಕೈಗೆ ಹೋದವು. ನಾನು ಸೇತುವೆಯಿಂದ ಕಣ್ಣು ತೆಗೆಯಲಿಲ್ಲ. ಬಸ್ಸಿನ ಕೆಂಪು ನೆತ್ತಿ ಅಲ್ಲಿ ಕಂಡ ಕೂಡಲೇ ಕೂಗಿದೆ. ಎಲ್ಲರೂ ಬಾಯಿ ಒರೆಸಿಕೊಂಡು, ದುಡ್ಡು ಕೊಟ್ಟು, ಚೀಲ ಎತ್ತಿಕೊಂಡು ಸಾಲಾಗಿ ನಿಂತ ಮೇಲೆಯೇ ಬಸ್ಸು ಬಂಡೆಯ ಹಿಂದಿನಿಂದ ಹೊರಬಿತ್ತು. ಪರಿಮಳಾ ಮೆಟ್ಟಿಲ ಮೇಲಿಂದ ನನಗೆ ಕೈ ಬೀಸಿದಳು.

ಅಂದು ಸಂಜೆ ರೊಟ್ಟಿಗೆ ಮಿರ್ಚಿ ಇರಲಿಲ್ಲ. “ಇವತ್ತು ಬರೇ ರೊಟ್ಟಿ ತಿನ್ರಿ” ಎಂದು ಅವ್ವ ಅಪ್ಪನ ಮುಂದೆ ಖಾಲಿ ಬುಟ್ಟಿ ಬೋರಲು ಹಾಕಿದಳು. ಅಪ್ಪ ಬುಟ್ಟಿಯ ತಳವನ್ನು ಬೆರಳಿನಿಂದ ತಟ್ಟಿ ನೋಡಿದ. ಆಮೇಲೆ ರೊಟ್ಟಿ ಮುರಿದ.

ಈಗ ಮಂದಿ ಮಾಲಿನಿಂದ ಹೊರಬಂದ ಕೂಡಲೇ ಮೊದಲು ಕಲ್ಲುಗುಂಪಿನ ಕಡೆ ನೋಡುತ್ತಾರೆ. ನಾನು ಸುಮ್ಮನಿದ್ದರೆ ತಿನ್ನಲು ಹೊತ್ತಿದೆ ಎಂದರ್ಥ. ಮಾಲಿನೊಳಗಿರುವವರಿಗೂ ನನ್ನ ಕೂಗು ಮುಟ್ಟುತ್ತದೆ. ಒಂದು ದಿನ ಶಿವರಾಜರು ರಸ್ತೆ ದಾಟಿ ಬಂದು, ಬೆವರು ಒರೆಸಿಕೊಳ್ಳುತ್ತ ನಿಂತರು.

“ನಿಮ್ಮ ಹುಡುಗಿ ಕೂಗಿದ್ರ ನಮ್ಮ ಬಿಲ್ಲಿನ ಲೈನ್ ಖಾಲಿ ಆಗ್ತೈತ್ರಿ. ಸಾಮಾನ್ ಬಿಟ್ಟು ಓಡತಾರ.”

“ಹಂಗಾದ್ರ ಬಿಲ್ ಲಗೂ ಮಾಡ್ರಿ ಸಾಹೇಬ್ರ” ಎಂದಳು ಅವ್ವ. “ಮಿರ್ಚಿ ಬೇಕೇನ್ರಿ?”

“ಎರಡು ಕೊಡ್ರಿ” ಎಂದರು ಶಿವರಾಜರು. ತಿನ್ನುತ್ತ ಬದುವಿನ ಮಂದಿಯನ್ನೂ ಎದುರಿನ ತಮ್ಮ ಶೆಡ್ಡನ್ನೂ ನೋಡಿ, ಬೇವಿನ ನೆರಳು ಮುಟ್ಟದ ಕಡೆಗೆ ತಗಡಿನ ಚಪ್ಪರ ಹಾಕಿಸಲೇ ಎಂದು ಸುಲ್ತಾನಸಾಬರನ್ನು ಕೇಳಿದರು. “ಹಾಕಸ್ರಿ, ಹಾಕಸ್ರಿ. ಕುರಿಗೂ ಆಗ್ತೈತಿ, ಮಂದಿಗೂ ಆಗ್ತೈತಿ” ಎಂದರು ಸುಲ್ತಾನಸಾಬರು.

ಕಳೆದ ವಾರ ಅಪ್ಪ ಟಗರು ನೋಡಲು ಶಹಾಪುರಕ್ಕೆ ಹೊರಟ. ತೊಳೆದ ರುಮಾಲು ಸುತ್ತಿ, ಶೆಡ್ಡಿಗೆ ಹೋಗಿ ನೆರಳಲ್ಲಿ ಕೂತ. ಒಂದು ಬಸ್ಸು ತುಂಬಿ ಬಂತು, ನಿಲ್ಲದೆ ಹೋಯಿತು. ಇನ್ನೊಂದು ಬಂತು, ಅದೂ ಹೋಯಿತು. ನಾನು ಮೇಲಿನಿಂದ ನೋಡುತ್ತಲೇ ಇದ್ದೆ. ಅಪ್ಪ ಎದ್ದ. ಆಚೆ ಈಚೆ ನೋಡಿದ. ಕೋಲು ಎತ್ತಿ ಕಾರುಗಳನ್ನು ತಡೆದು ರಸ್ತೆ ದಾಟಿ ಬಂದು ಹೆಂಗಸರ ನಡುವೆ ಬೆಂಚಿನ ತುದಿಗೆ ಕೂತ.

“ಯಾಕ, ಸುರಪುರಕ್ಕೇನ?” ಎಂದಳು ಅವ್ವ, ಬಾಣಲೆಯಿಂದ ಕಣ್ಣೆತ್ತದೆ.

“ಶಹಾಪುರಕ್ಕ.”

“ಮತ್ತ ಅದು ಆ ಕಡಿ ಅಲ್ಲೇನ?”

“ಸುಮ್ಮ ಒಂದು ಮಿರ್ಚಿ ಕೊಡು” ಎಂದ ಅಪ್ಪ. ಆಮೇಲೆ ನನ್ನ ಕಡೆ ಮುಖ ಎತ್ತಿ, “ಏ ಸುಕನ್ಯಾ, ಜೋರ್ ಕೂಗು ಮತ್ತ. ನನ್ ಕಿವಿ ಮಂದ ಆಗ್ಯಾವು” ಎಂದ.

ಸೇತುವೆಯ ಮೇಲೆ ಬಸ್ಸು ಕಂಡಿತು. ನಾನು ಹೊಟ್ಟೆಯಿಂದ ಎಳೆದು ಕೂಗಿದೆ. ಅಪ್ಪ ಉಳಿದ ತುಂಡು ಬಾಯಿಗೆ ತುರುಕಿಕೊಂಡು ಹೆಂಗಸರ ಸಾಲಿನ ಹಿಂದೆ ನಿಂತು ಹತ್ತಿದ.

ಸ್ವಲ್ಪ ಹೊತ್ತಿಗೆ ಅದೇ ಬಸ್ಸು ತಿರುಗಿ ಬಂತು. ಶೆಡ್ಡಿನಲ್ಲಿ ಹೊಸದಾಗಿ ಬಂದು ನಿಂತಿದ್ದ ಗಂಡಸರು ಕೈ ಮಾಡಿದರು, ಬಸ್ಸು ನಿಲ್ಲಲಿಲ್ಲ. ಕಿಟಕಿಯ ಪಕ್ಕದ ಸೀಟಿನಲ್ಲಿ ಅಪ್ಪ ಎರಡು ಟಿಕೆಟ್ಟಿನ ಗತ್ತಿನಿಂದ, ಅಲುಗಾಡದೆ, ನೇರವಾಗಿ ಮುಂದೆ ನೋಡುತ್ತ ಕೂತಿದ್ದ. ರುಮಾಲಿನ ತುದಿ ಮಾತ್ರ ಕಿಟಕಿಯಿಂದ ಹೊರಗೆ ಹಾರುತ್ತಿತ್ತು.